ಫೋರ್ಕ್‌ಲಿಫ್ಟ್ ಟಿಪ್ಪಣಿ: ಹಸಿ ನೆಲಕ್ಕೆ ದೊಡ್ಡ ಟೈರು ಯಾಕೆ?

ಮಂಡ್ಯದ ಕಡೆ ಕಬ್ಬು ಸಾಗಿಸಿದವರಿಗೆ ಈ ಪಾಠ ಅರ್ಧ ಗೊತ್ತೇ ಇರುತ್ತದೆ. ಹಳೆಯ ಮರದ ಗಾಡಿಯ ಚಕ್ರ ಸೊಂಟದ ಮೇಲಕ್ಕೆ ಬರುತ್ತಿತ್ತು, ಗುಂಡಿ ಕಲ್ಲು ಸಲೀಸಾಗಿ ದಾಟುತ್ತಿತ್ತು. ಆದರೆ ಕಬ್ಬಿಣದ ಪಟ್ಟಿ ಕಿರಿದು. ನೀರು ಬಿಟ್ಟ ಗದ್ದೆಯಲ್ಲಿ ಹೂತುಕೊಳ್ಳುತ್ತಿತ್ತು. ಆಮೇಲೆ ಬಂದ ಟೈರ್ ಗಾಡಿಯ ಚಕ್ರ ಗಿಡ್ಡ, ಆದರೆ ಅಗಲ, ಹೂಳುವುದು ಕಡಿಮೆ. ಒರಟು ನೆಲದಲ್ಲಿ ಲೋಡ್ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟಿನ ಟೈರಿನಲ್ಲಿ ಈ ಎರಡು ಗುಣವೂ ಇವೆ. ಚಾಲಕರ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಎರಡನ್ನೂ ಕಲಸಿ ‘ಗ್ರಿಪ್ ಜಾಸ್ತಿ’ ಎಂದು ಬರೆದು ಅಂಕ ಕಳೆದುಕೊಳ್ಳುವುದು ನಮ್ಮ ಚಾಳಿ.

ಅಗಲದ ಲೆಕ್ಕ ಸುಲಭ. ಫೋರ್ಕ್‌ನಲ್ಲಿ (ಮುಂದೆ ಚಾಚಿದ ಕಬ್ಬಿಣದ ಕವಲಿನಲ್ಲಿ) ಲೋಡ್ ಇದ್ದಾಗ ಹೆಚ್ಚಿನ ಭಾರ ಮುಂದಿನ ಆಕ್ಸಲ್ ಮೇಲೆ. ಒಂದು ಮುಂದಿನ ಟೈರಿಗೆ 2000 ಕೆ.ಜಿ. ಬಿತ್ತು ಎನ್ನಿ. ನೆಲಕ್ಕೆ ತಾಗುವ ಜಾಗ 200 ಚದರ ಸೆಂ.ಮೀ. ಇದ್ದರೆ ಒಂದೊಂದು ಚದರ ಸೆಂ.ಮೀ.ಗೂ 10 ಕೆ.ಜಿ. ಒತ್ತಡ, 800 ಇದ್ದರೆ ಬರೀ 2.5. ಮಳೆ ನಿಂತ ಮಾರನೇ ದಿನ ಇಟ್ಟಿಗೆ ಗೂಡಿನ ಅಂಗಳ ನೋಡಿ: ಮೇಲೆ ಒಣಗಿದ ಕೆಮ್ಮಣ್ಣಿನ ಪದರ, ಅಡಿಯಲ್ಲಿ ಕೆಸರು. ಗೋದಾಮಿನ ಸಣ್ಣ ಗಟ್ಟಿ ಟೈರು ಆ ಪದರವನ್ನು ಒಡೆದು ಇಳಿಯುತ್ತದೆ, ಗಾಡಿಯ ಹೊಟ್ಟೆ ನೆಲ ಕಚ್ಚುತ್ತದೆ.

ಎತ್ತರದ ಲಾಭ ಅಡ್ಡ ಬಂದ ಕಲ್ಲಿನ ಮುಂದೆ ಗೊತ್ತಾಗುತ್ತದೆ. ತಾನಾಗಿ ತಿರುಗದೆ ಎಳೆತಕ್ಕೆ ಉರುಳುವ ಚಕ್ರವೊಂದನ್ನು ತೆಗೆದುಕೊಳ್ಳಿ, ಅದರ ತ್ರಿಜ್ಯ 25 ಸೆಂ.ಮೀ. 5 ಸೆಂ.ಮೀ. ಕಲ್ಲು ಹತ್ತಿಸಲು ಚಕ್ರದ ಮೇಲಿನ ಭಾರದ 0.75 ಪಾಲಿನಷ್ಟು ಬಲದಿಂದ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಎಳೆಯಬೇಕು. ತ್ರಿಜ್ಯ 50 ಆದರೆ 0.48 ಸಾಕು. ಜೊತೆಗೆ ಆಕ್ಸಲ್ ಮೇಲೇರಿ ಗಾಡಿಯ ಅಡಿಯೂ ನೆಲದಿಂದ ದೂರವಾಗುತ್ತದೆ.

ಕುಲುಕು ಕಡಿಮೆ, ಲೋಡ್ ಜಾರುವುದು ಕಡಿಮೆ. ಅದನ್ನು ಒಂದು ಸಾಲಿನಲ್ಲಿ ಬರೆದರೆ ಆಯಿತು.

ಪುಸ್ತಕದವರು ಅಷ್ಟಾಗಿ ಹೇಳದ ಮಾತು ಬೇರೆ ಇದೆ: ದೊಡ್ಡ ಟೈರು ಕೆಸರಿಗೆ ಮದ್ದು, ಓರೆ ನೆಲಕ್ಕಲ್ಲ. ಗಾಡಿ ಪಕ್ಕಕ್ಕೆ 3 ಡಿಗ್ರಿ ವಾಲಿದರೂ 4 ಮೀಟರ್ ಎತ್ತರದಲ್ಲಿರುವ ಲೋಡ್ ಸುಮಾರು 21 ಸೆಂ.ಮೀ. ಆಚೆ ಸರಿಯುತ್ತದೆ. ಟೈರು ಎಷ್ಟೇ ದಪ್ಪವಿರಲಿ, ಹಿಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಓಲಾಡುವ ಗಾಡಿ ನಿಲ್ಲುವುದು ಮೂರು ಕಾಲಿನ ಮಣೆಯಂತೆ. ಹಾಗಾಗಿ ಲೋಡ್ ತಗ್ಗಿಸಿಯೇ ಓಡಿಸಬೇಕು, ಇಳಿಜಾರಿನಲ್ಲಿ ಲೋಡ್ ಏರಿನ ಕಡೆಗಿರಬೇಕು. ಕೀ ತಿರುಗಿಸುವ ಮೊದಲು ಎರಡೂ ಮುಂದಿನ ಟೈರಿನ ಗಾಳಿ ಅಳೆಯಿರಿ. ಒಂದರಲ್ಲಿ ಇಳಿದಿದ್ದರೆ ಸಮತಟ್ಟು ನೆಲದಲ್ಲೇ ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ವಾಲಿಕೊಂಡಿರುತ್ತದೆ.