ವಿಷಯ ಬೇಡ, ತೊಡಕು ಕೊಡಿ

ಮೈಸೂರಿನ ನಮ್ಮ ಕಥಾ ಕಮ್ಮಟಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, "ಸರ್, ದಿನಾ ಬರೆಯೋಕೆ ಒಂದೊಂದು ವಿಷಯ ಕೊಡಿ" ಅಂತ. ವಿಷಯ ಕೊಟ್ಟರೆ ಕಥೆ ಬರುವುದಿಲ್ಲ, ಪ್ರಬಂಧ ಬರುತ್ತದೆ. ದಸರಾ ಅಂತ ಕೊಟ್ಟು ನೋಡಿ. ಅರಮನೆಯ ದೀಪ, 750 ಕೆಜಿ ಅಂಬಾರಿ, ಬನ್ನಿಮಂಟಪದ ಪಂಜಿನ ಕವಾಯತು ಎಲ್ಲ ಬರುತ್ತದೆ. ಒಬ್ಬ ಮನುಷ್ಯ ಮಾತ್ರ ಬರುವುದಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಅದನ್ನೇ ಬರೆದಿದ್ದೇವೆ, ಕೈ ತಾನಾಗಿ ಆ ಕಡೆ ಹೋಗುತ್ತದೆ.

ಹಾಗಾಗಿ ನಾನು ಕೊಡುವ ಪ್ರಾಂಪ್ಟ್, ಅಂದರೆ ಬರೆಯಲು ಹಚ್ಚುವ ಒಂದು ತೊಡಕು, ಹೀಗಿರುತ್ತದೆ: ಜಂಬೂ ಸವಾರಿಯ ದಿನ. ಸಯ್ಯಾಜಿರಾವ್ ರಸ್ತೆಯ ಒಂದು ಮಹಡಿ ಮನೆ. ಕಿಟಕಿಯ ಹತ್ತಿರ ಇಬ್ಬರಿಗೆ ಜಾಗ, ಬಂದಿರುವವರು ಮೂವರು.

ಈಗ ಬರೆಯುವವರು ತೀರ್ಮಾನ ಮಾಡಲೇಬೇಕು. ಯಾರು ಹಿಂದೆ ನಿಲ್ಲುತ್ತಾರೆ? ತಾವಾಗಿ ಬಿಟ್ಟುಕೊಟ್ಟರಾ, ಇಲ್ಲ ಯಾರೂ ಕರೆಯಲಿಲ್ಲವಾ? ಮನೆ ಯಾರದ್ದು? ಈ ಮೂರು ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಆನೆ ಮರೆತುಹೋಗಿ ಮನುಷ್ಯರು ಕಾಣಿಸುತ್ತಾರೆ. ದಿನಕ್ಕೊಂದು ಪ್ರಾಂಪ್ಟ್‌ನಿಂದ ನಮಗೆ ಬೇಕಾದದ್ದು ಈ ಅಭ್ಯಾಸ: ಯಾರಿಗೆ ಏನು ಬೇಕು, ಅಡ್ಡ ಬಂದದ್ದು ಏನು ಅಂತ ಬೇಗ ತೀರ್ಮಾನಿಸುವುದು.

ಸಭೆಯಲ್ಲಿ ಕೇಳಿದವರ ಷರತ್ತಿಗೆ ತಕ್ಕಂತೆ ಸ್ಥಳದಲ್ಲೇ ಪದ್ಯ ಕಟ್ಟುವ ಅವಧಾನವನ್ನು ನೋಡಿದವರಿಗೆ ಇದು ಹೊಸದೇನಲ್ಲ. ಅದರ ಸಮಸ್ಯಾಪೂರಣದಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಪದ್ಯದ ಒಂದು ಸಾಲು ಕೊಡುತ್ತಾರೆ. ಕೇಳಿದ ಕೂಡಲೇ ಅದು ಅಸಂಬದ್ಧ ಅನ್ನಿಸುತ್ತದೆ. ಉಳಿದ ಸಾಲುಗಳನ್ನು ಕಟ್ಟಿ ಅದಕ್ಕೊಂದು ಅರ್ಥ ಬರಿಸುವುದು ಅವಧಾನಿಯ ಕೆಲಸ. ದತ್ತಪದಿಯಲ್ಲಿ ಬಳಸಲೇಬೇಕಾದ ಪದಗಳನ್ನು ಕೊಡುತ್ತಾರೆ. ನಿಷೇಧಾಕ್ಷರಿಯಲ್ಲಿ ಇಂಥ ಅಕ್ಷರ ಬೇಡ ಅಂತ ಹೆಜ್ಜೆ ಹೆಜ್ಜೆಗೂ ತಡೆಯುತ್ತಾರೆ. ಈ ಕೊನೆಯದನ್ನು ನಾನು ಕಥೆಗೆ ತಂದುಕೊಂಡಿದ್ದೇನೆ. ಸಿಟ್ಟು, ಬೇಜಾರು, ಪ್ರೀತಿ, ಕಣ್ಣೀರು, ಈ ನಾಲ್ಕು ಪದ ಬಳಸದೆ ಒಂದು ಜಗಳ ಬರೆಯಿರಿ ಅನ್ನುತ್ತೇನೆ. ಆಗ ಪಾತ್ರ ತಟ್ಟೆ ತಳ್ಳುತ್ತದೆ, ಚಪ್ಪಲಿ ಹುಡುಕುತ್ತದೆ, ಸುಮ್ನೆ ಫ್ಯಾನ್ ಜೋರು ಮಾಡುತ್ತದೆ.

ಬರೀ ಮಾತಿನಲ್ಲೇ ಬರೆಯುವ ಪ್ರಾಂಪ್ಟ್ ನನಗೆ ಎಲ್ಲಕ್ಕಿಂತ ಇಷ್ಟ. ಮಂಡ್ಯದ ಹತ್ತಿರ ಒಂದು ಗದ್ದೆ, ನಾಲೆ ನೀರಿನ ಸರದಿ, ಅಕ್ಕಪಕ್ಕದ ಹೊಲದ ಇಬ್ಬರು. ವಯಸ್ಸು, ಸಂಬಂಧ ಯಾವುದನ್ನೂ ಹೇಳುವಂತಿಲ್ಲ, ಓದುಗರಿಗೆ ಮಾತ್ರ ಎಲ್ಲ ಗೊತ್ತಾಗಬೇಕು. ಕನ್ನಡದಲ್ಲಿ ಇದಕ್ಕೆ ಎಷ್ಟು ಸೌಲಭ್ಯ ಇದೆ ನೋಡಿ. "ಬನ್ನಿ ಅಣ್ಣಾ, ಕಾಫಿ ಕುಡೀರಿ" ಅಂತ ಶುರುವಾದ ಮಾತು ಹತ್ತನೇ ಸಾಲಿಗೆ "ನೀನ್ಯಾವನಯ್ಯಾ ಕೇಳಕ್ಕೆ" ಅನ್ನುವಲ್ಲಿಗೆ ಬಂದರೆ, ನಡುವೆ ಏನಾಯಿತು ಅಂತ ವಿವರಿಸಬೇಕಾಗಿಯೇ ಇಲ್ಲ. ಆದರೆ ಮನೆಯಲ್ಲಿ "ಎಲ್ಲೋಗಿದ್ಲಾ" ಅನ್ನುವವರು ಹಾಳೆಯ ಮೇಲೆ "ನೀನು ಎಲ್ಲಿಗೆ ಹೋಗಿದ್ದೆ" ಅಂತ ಬರೆಯುತ್ತಾರೆ. ಅದನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಷ್ಟು ಚೆಂದದ ಮಾತು ಕೈಯಲ್ಲಿಟ್ಟುಕೊಂಡು ಪಠ್ಯಪುಸ್ತಕದ ಹತ್ತಿರ ಸಾಲ ಕೇಳುವುದು ಯಾಕೆ?

ಸಮಯ ಹದಿನೈದು ನಿಮಿಷ ಸಾಕು. ಹೊಡೆದುಹಾಕಬೇಡಿ, ಹಿಂದಕ್ಕೆ ಹೋಗಿ ಓದಬೇಡಿ. ಮೊದಲು ಹೊಳೆದ ಕಥೆಯನ್ನು ಬಿಟ್ಟುಬಿಡಿ, ಅದು ಬಹುಪಾಲು ಯಾವುದೋ ಧಾರಾವಾಹಿಯಲ್ಲಿ ನೋಡಿದ್ದಾಗಿರುತ್ತದೆ. ಎರಡನೆಯದೋ ಮೂರನೆಯದೋ ನಿಮ್ಮದು.

ನಾಳೆಗೆ ಬೇಕಿದ್ದರೆ ಇದನ್ನು ತೆಗೆದುಕೊಳ್ಳಿ. ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿದೆ. ಇಳಿಸಬೇಕಾದವನ ಫೋನ್ ಬಡಿದುಕೊಳ್ಳುತ್ತಿದೆ, ಆ ಕಡೆ ಯಾರು ಅಂತ ಅವನಿಗೆ ಗೊತ್ತು. ಪಾಕ ಕಾಯುವುದಿಲ್ಲ, ಕಥೆಗೆ ಬೇಕಾದ ಅವಸರ ಅಲ್ಲೇ ಇದೆ.

ಕಾದಂಬರಿ ಬರೆಯುತ್ತ ಅದರ ನಡುವೆ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ, ಅವರ ತೊಡಕು ಅವರ ಹತ್ತಿರವೇ ಇದೆ. ಉಳಿದವರು ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ಓದಿ. ಜಾಸ್ತಿ ಪುಟಗಳು ಅಲ್ಲಿಗೇ ಮುಗಿದಿರುತ್ತವೆ, ಅವನ್ನು ತಿದ್ದುತ್ತ ಕೂರಬೇಡಿ. ಯಾವ ಪಾತ್ರ ಮುಂದೇನು ಮಾಡಿತು ಅಂತ ನಿಮಗೇ ಕುತೂಹಲ ಆಗುತ್ತದೋ, ಆ ಪುಟ ಹರಿದು ಬೇರೆ ಇಡಿ. ಆ ಕಥೆಗೆ ಹದಿನೈದು ನಿಮಿಷದ ಲೆಕ್ಕ ಬೇಡ.