ಟೇಪಿಗೆ ಒಂದೇ ಗಡುವು ಇರಲಿ

ಕಂಪ್ಯೂಟರ್ ಡೇಟಾದ ಪ್ರತಿಯನ್ನು ಟೇಪಿನಲ್ಲಿ ತೆಗೆದಿಡುವ ಬ್ಯಾಕಪ್ ವಿಚಾರಕ್ಕೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಇದೇ ದೂರಿನಿಂದ ಶುರುವಾಗುತ್ತವೆ: "ಸರ್, ಎರಡು ವಾರಕ್ಕೆ ಎಕ್ಸ್‌ಪೈರ್ ಆಗೋ ಹಾಗೆ ಇಟ್ಟಿದ್ದೀವಿ. ಆದ್ರೂ ಟೇಪ್‌ಗಳು ಸ್ಕ್ರ್ಯಾಚ್ ಪೂಲ್‌ಗೆ ವಾಪಸ್ ಬರ್ತಾ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಏನೋ ಬಗ್ ಇದೆ." ಸ್ಕ್ರ್ಯಾಚ್ ಪೂಲ್ ಎಂದರೆ ಮತ್ತೆ ಬರೆಯಲು ಸಿದ್ಧವಿರುವ ಟೇಪ್‌ಗಳ ಗುಂಪು. ಸಾಮಾನ್ಯವಾಗಿ ಬಗ್ ಇರುವುದಿಲ್ಲ. ಅವರು ಬೇರೆ ಬೇರೆ ಗಡುವಿನ ಬ್ಯಾಕಪ್‌ಗಳನ್ನು ಒಂದೇ ಟೇಪಿನಲ್ಲಿ ಇಟ್ಟಿರುತ್ತಾರೆ.

ಅವಧಿ ಮುಗಿಯುವುದು ಬ್ಯಾಕಪ್‌ಗೆ, ಟೇಪಿಗಲ್ಲ. ಎಷ್ಟು ಸಲ ಹೇಳಿದರೂ ಇದು ಯಾಕೋ ತಲೆಗೆ ಇಳಿಯುವುದಿಲ್ಲ, ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಒಂದು ಎಲ್‌ಟಿಒ-8 ಟೇಪ್ (ಎಲ್‌ಟಿಒ ಎಂಬ ಬ್ಯಾಕಪ್ ಟೇಪಿನ ಎಂಟನೇ ತಲೆಮಾರು) ಕಂಪ್ರೆಷನ್ ಇಲ್ಲದೆಯೇ 12 ಟಿಬಿ ಹಿಡಿಯುತ್ತದೆ. ಸೆಂಟ್ರಲ್ ಸರ್ವರ್ ಅದರ ಮೇಲೆ ಹತ್ತಾರು ಯಂತ್ರಗಳ ಬ್ಯಾಕಪ್‌ಗಳನ್ನು ಒಂದರ ಹಿಂದೆ ಒಂದು ಬರೆಯುತ್ತಾ ಹೋಗುತ್ತದೆ. ಅವುಗಳಲ್ಲಿ ಕೊನೆಯದರ ಗಡುವು ಮುಗಿಯುವವರೆಗೂ ಇಡೀ ಟೇಪ್ ಬೀಗ ಹಾಕಿದಂತೆಯೇ. ಕೂಡುಕುಟುಂಬದ ಆಸ್ತಿ ಇದ್ದ ಹಾಗೆ: ಒಬ್ಬ ಪಾಲುದಾರ ಸಹಿ ಹಾಕದಿದ್ದರೆ ರಿಜಿಸ್ಟ್ರೇಷನ್ ಆಗುವುದಿಲ್ಲ.

"ಹಳೆಯದನ್ನು ಮಾತ್ರ ಅಳಿಸಿ ಆ ಜಾಗಕ್ಕೆ ಹೊಸದನ್ನು ಬರೆಯಬಹುದಲ್ಲ?" ಬರೆಯಲು ಬರುವುದಿಲ್ಲ. ಡಿಸ್ಕಿನಲ್ಲಿ ಆಗುವುದು ಟೇಪಿನಲ್ಲಿ ಆಗದು. ಎಲ್‌ಟಿಒ-8ರಲ್ಲಿ 6,656 ಟ್ರ್ಯಾಕ್‌ಗಳಿವೆ. ಡ್ರೈವ್ ಒಂದು ಸಲಕ್ಕೆ 32 ಟ್ರ್ಯಾಕ್ ಬರೆಯುತ್ತಾ ಟೇಪಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡುತ್ತದೆ. ಎಲ್ಲಿ ಬರೆಯುವುದು ನಿಂತಿತೋ ಅಲ್ಲಿ 'ಡೇಟಾ ಇಲ್ಲಿಗೆ ಮುಗಿಯಿತು' ಎಂಬ ಗುರುತು ಬೀಳುತ್ತದೆ. ಟೇಪಿನ ಮೊದಲಿಗೆ ಬಂದು ಹೊಸ ಲೇಬಲ್ (ಟೇಪಿನ ಹೆಸರು ಹೇಳುವ ಮೊದಲ ದಾಖಲೆ) ಬರೆದಿರಾ? ಗುರುತು ಅಲ್ಲೇ ಬಿತ್ತು. ಅದರಾಚೆ ಹಳೆಯ ಡೇಟಾ ಅಯಸ್ಕಾಂತದ ರೂಪದಲ್ಲಿ ಉಳಿದಿದ್ದರೂ ನಿಮ್ಮ ಡ್ರೈವ್ ಅದನ್ನು ಓದಿಕೊಡುವುದಿಲ್ಲ.

ಈಗ ಲೆಕ್ಕ ಹಾಕಿ. ಕಂಪನಿ ಕಾಯ್ದೆ 2013ರ 128ನೇ ಸೆಕ್ಷನ್ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ಅಕೌಂಟ್ಸ್ ಸರ್ವರ್‌ಗೆ 8 ವರ್ಷದ ರಿಟೆನ್ಷನ್ (ಉಳಿಸಿಕೊಳ್ಳುವ ಅವಧಿ) ಕೊಡುತ್ತಾರೆ, ಸರಿ. ಆದರೆ ಅದರ 200 ಜಿಬಿ ಹೋಗಿ ಕೂರುವುದು ಟೆಸ್ಟ್ ಸರ್ವರ್‌ಗಳ ಎರಡು ವಾರದ ಬ್ಯಾಕಪ್ ತುಂಬಿದ ಟೇಪಿನ ಮೇಲೆ. ಉಳಿದ 11.8 ಟಿಬಿ ಕಸವಾದ ಮೇಲೂ ಆ ಟೇಪ್ 8 ವರ್ಷ ಕಪಾಟಿನಲ್ಲೇ. ವಾರಕ್ಕೊಂದು ಟೇಪ್ ಹೀಗಾದರೆ ವರ್ಷಕ್ಕೆ 52. ಆಮೇಲೆ ಮ್ಯಾನೇಜರ್ ಕೇಳುತ್ತಾರೆ, ಹೋದ ವರ್ಷ ತಾನೇ ಟೇಪ್ ತಂದಿದ್ದೆವಲ್ಲ, ಎಲ್ಲಿ ಹೋದವು ಅಂತ.

ಇಲ್ಲಿಂದ ಮುಂದೆ ಆಗುವುದೇ ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೈಟ್ ಶಿಫ್ಟಿನ ಹುಡುಗ ಒಬ್ಬನೇ ಇದ್ದ. ಸ್ಕ್ರ್ಯಾಚ್ ಪೂಲ್ ಖಾಲಿ, ಜಾಬ್‌ಗಳೆಲ್ಲ ಟೇಪಿಗಾಗಿ ಕಾದು ನಿಂತಿವೆ, ಹೊಸ ಟೇಪಿನ ಬೇಡಿಕೆ ತಿಂಗಳುಗಳಿಂದ ಪರ್ಚೇಸ್ ವಿಭಾಗದಲ್ಲಿದೆ. ಕಪಾಟಿನಲ್ಲಿದ್ದ ಒಂದು ಟೇಪಿನ ಡಬ್ಬಿಯ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ 'ಮಾರ್ಚ್ ಡೈಲಿ' ಎಂದು ಬರೆದಿತ್ತು. ಆಗ ಆಗಸ್ಟ್. ಅವನು ಅದನ್ನು ಹಾಕಿ ಬಲವಂತವಾಗಿ ರೀಲೇಬಲ್ ಮಾಡಿದ. ಸಾಫ್ಟ್‌ವೇರ್ ಎಚ್ಚರಿಸಿತು, ಅವನು 'ವೈ' ಒತ್ತಿದ. ಆ ಟೇಪಿನಲ್ಲಿ ವರ್ಷಾಂತ್ಯದ ಲೆಡ್ಜರ್ ಇತ್ತು, ಆಮೇಲೆ ಸರ್ವರ್ ಕೆಟ್ಟಾಗ ಬೇರೆಲ್ಲೂ ಇರಲಿಲ್ಲ. ಅಕೌಂಟ್ಸ್‌ನವರು ವೋಚರ್ ಫೈಲುಗಳನ್ನು ಮೇಜಿನ ತುಂಬಾ ಹರಡಿಕೊಂಡು ಮತ್ತೆ ಟೈಪ್ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಅಂಥ ತೀರ್ಮಾನವನ್ನು ಅವನ ತಲೆಗೆ ಕಟ್ಟಿದವರ ಮೇಲಿದೆ. ಟೇಪಿನಲ್ಲಿ ಏನಿದೆ ಎಂದು ಕೇಳಬೇಕಾದ್ದು ಸಾಫ್ಟ್‌ವೇರ್ ಇಟ್ಟುಕೊಂಡಿರುವ ಪಟ್ಟಿಯಾದ ಕ್ಯಾಟಲಾಗನ್ನು, ಡಬ್ಬಿಯ ಮೇಲಿನ ಬರಹವನ್ನಲ್ಲ.

ಪರಿಹಾರ ಕಷ್ಟದ್ದೇನಲ್ಲ. ಗಡುವಿಗೊಂದು ಪೂಲ್ ಮಾಡಿ: ಎರಡು ವಾರದ್ದು ಬೇರೆ, ವರ್ಷದ್ದು ಬೇರೆ, 8 ವರ್ಷದ್ದು ಬೇರೆ. ನೆಟ್‌ಬ್ಯಾಕಪ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಒಂದೇ ಟೇಪಿನಲ್ಲಿ ಬೇರೆ ಬೇರೆ ರಿಟೆನ್ಷನ್ ಬೆರೆಸಲು ತಾನಾಗಿ ಬಿಡುವುದೇ ಇಲ್ಲ. ಟೇಪ್ ಉಳಿಸುತ್ತೇವೆಂದು ಆ ಸೆಟ್ಟಿಂಗನ್ನು ಆನ್ ಮಾಡುವವರು ನಾವೇ. ದಯವಿಟ್ಟು ಮಾಡಬೇಡಿ. ಬಾಕ್ಯುಲಾ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ಮಾತು. ಅಲ್ಲಿ ವಾಲ್ಯೂಮ್ (ಅಂದರೆ ಟೇಪ್) ರಿಟೆನ್ಷನ್ ಎಣಿಕೆ ಕೊನೆಯ ಬರಹದಿಂದ ಶುರು. ದಿನಾ ಒಂದಿಷ್ಟು ಸೇರಿಸುತ್ತಾ ಹೋದರೆ ಗಡುವು ದಿನಾ ಮುಂದಕ್ಕೆ ಹೋಗುತ್ತದೆ. 'ವಾಲ್ಯೂಮ್ ಯೂಸ್ ಡ್ಯುರೇಷನ್' (ಒಂದು ಟೇಪಿಗೆ ಎಷ್ಟು ದಿನ ಬರೆಯಬಹುದೆಂಬ ಮಿತಿ) ಕೊಟ್ಟು ಟೇಪನ್ನು ಮುಚ್ಚಿಸಿ.

ಎಷ್ಟು ವರ್ಷ ಇಡಬೇಕೆಂಬುದನ್ನು ಮಾತ್ರ ನನ್ನನ್ನು ಕೇಳಬೇಡಿ, ನಿಮ್ಮ ಆಡಿಟರನ್ನೂ ವಕೀಲರನ್ನೂ ಕೇಳಿ ಬರಹದಲ್ಲಿ ತನ್ನಿ. ಇಷ್ಟೆಲ್ಲ ತಾಪತ್ರಯ ಇರುವಾಗ ಟೇಪೇ ಯಾಕೆ ಎನ್ನುವವರಿಗೆ: 2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ಬಗ್‌ನಿಂದ ಕೆಲವು ಜಿಮೇಲ್ ಖಾತೆಗಳು ಬರಿದಾದಾಗ, ಹಲವು ಡೇಟಾ ಸೆಂಟರ್‌ಗಳಲ್ಲಿ ಪ್ರತಿಗಳಿದ್ದ ಗೂಗಲ್ ಕೂಡ ಮೇಲ್‌ಗಳನ್ನು ವಾಪಸ್ ತಂದದ್ದು ಟೇಪಿನಿಂದಲೇ.

ಈಗಾಗಲೇ ಸಿಕ್ಕಿಹಾಕಿಕೊಂಡ ಟೇಪ್‌ಗಳಿಗೂ ದಾರಿ ಇದೆ. ಐಬಿಎಂನ ಬ್ಯಾಕಪ್ ಸಾಫ್ಟ್‌ವೇರ್ ಟಿಎಸ್‌ಎಂ (ಈಗಿನ ಹೆಸರು ಸ್ಟೋರೇಜ್ ಪ್ರೊಟೆಕ್ಟ್) ಇದನ್ನು ರಿಕ್ಲಮೇಷನ್ ಎಂದು ತಾನೇ ಮಾಡುತ್ತದೆ. ಟೇಪಿನಲ್ಲಿ ಖಾಲಿಯಾದ ಜಾಗ 60 ಶೇಕಡಾ ಮುಟ್ಟಿದರೆ ಉಳಿದದ್ದನ್ನು ಬೇರೆ ಟೇಪಿಗೆ ಸಾಗಿಸುತ್ತದೆ, ಡಿಫಾಲ್ಟ್ ಹಾಗಿದೆ. ಉಳಿದವರು ಕೈಯಾರೆ ಮಾಡಬೇಕು. ಜೀವಂತ ಇಮೇಜ್‌ಗಳ (ಗಡುವು ಮುಗಿಯದ ಬ್ಯಾಕಪ್‌ಗಳ) ಪಟ್ಟಿ ತೆಗೆದು, ಸರಿಯಾದ ಪೂಲಿಗೆ ಡೂಪ್ಲಿಕೇಟ್ ಮಾಡಿ, ಹೊಸ ಪ್ರತಿಯಿಂದ ಒಂದೆರಡು ಫೈಲನ್ನಾದರೂ ರಿಸ್ಟೋರ್ ಮಾಡಿ ತೆರೆದು ನೋಡಿ. ಅದಾದ ಮೇಲೆ ಹಳೆಯ ಪ್ರತಿಯನ್ನು ಎಕ್ಸ್‌ಪೈರ್ ಮಾಡಿ; ಟೇಪ್ ತಾನಾಗಿ ಸ್ಕ್ರ್ಯಾಚ್‌ಗೆ ಬರುತ್ತದೆ.