ಒಂದು ಹಿಡಿ ಹಿಟ್ಟು ಯಾರಿಗೆ ನೆನಪು ಮಾಡ್ತಿತ್ತು? ಹೀಬ್ರೂ ‘ಸ್ಮರಣೆಯ ನೈವೇದ್ಯ’ದ ಹಿನ್ನೆಲೆ

ಸ್ಮರಣೆಯ ನೈವೇದ್ಯ ಅಂದ ತಕ್ಷಣ ನಮ್ಮ ಕಡೆ ಹೆಚ್ಚಿನವರಿಗೆ ಹೊಳೆಯೋದು ತೀರಿಹೋದವರು. ಪಿತೃಪಕ್ಷದ ಎಡೆ, ವರ್ಷದ ತಿಥಿ, ಕ್ಯಾಥೊಲಿಕರ ಮನೆಯಾದ್ರೆ ನವೆಂಬರ್ 2ಕ್ಕೆ ಸಮಾಧಿ ಮೇಲೆ ಹಚ್ಚೋ ಮೇಣದಬತ್ತಿ. ಅದನ್ನೇ ತಲೆಯಲ್ಲಿಟ್ಕೊಂಡು ಬೈಬಲ್‌ನ ಯಾಜಕಕಾಂಡ ತೆಗೆದು ಎರಡನೇ ಅಧ್ಯಾಯಕ್ಕೆ ಬಂದ್ರೆ, ಅಲ್ಲಿ ಯಾಜಕ ಒಂದು ಹಿಡಿ ಹಿಟ್ಟನ್ನ ಸ್ಮರಣೆಯ ಭಾಗ ಅಂತ ಬೆಂಕಿಗೆ ಹಾಕ್ತಾನೆ, ಓದೋವ್ರು ಯಾರ ಸ್ಮರಣೆ ಇದು ಅಂತ ಹುಡುಕ್ತಾರೆ, ಆ ಅಧ್ಯಾಯದಲ್ಲಿ ಒಬ್ಬರೂ ಸತ್ತಿರೋದಿಲ್ಲ.

ಗೋಜಲು ಇಲ್ಲಿಂದಲೇ ಶುರು. ಒಬ್ಬರು ಈ ಸಾಲು ತೋರಿಸಿ ಸತ್ತವರಿಗಾಗಿ ಪೂಜೆ ಕೊಡಿಸೋದು ಆಗಿನಿಂದಲೂ ಇತ್ತು ಅಂತಾರೆ, ಇನ್ನೊಬ್ಬರು ಪ್ರಭುಭೋಜನ (ಯೇಸುವಿನ ಕೊನೇ ಊಟದ ಹಾಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ ಆಚರಣೆ) ಬರೀ ನೆನಪಿನ ಊಟ ಅನ್ನೋಕೆ ಇದನ್ನೇ ತರ್ತಾರೆ, ಮತ್ತೊಬ್ಬರು ಅದು ಬಲಿನೇ ಅಂತ ಸಾಧಿಸೋಕೂ ಇದನ್ನೇ ತರ್ತಾರೆ. ಒಂದೇ ಹೀಬ್ರೂ ಪದ, ಮೂರು ವಾದ. ಪದ ಹೊರಟಿದ್ದು ಎಲ್ಲಿಂದ ಅಂತ ನೋಡದೆ ಇದನ್ನ ಬಿಡಿಸೋಕಾಗಲ್ಲ.

ಆ ಪದ ‘ಅಜ್ಕಾರಾ’. ಧಾತು ಜ-ಖ-ರ, ನೆನೆಯೋದು ಅಂತ ಅರ್ಥ. ಇದರ ಪ್ರೇರಣಾರ್ಥಕ ರೂಪಕ್ಕೆ ನೆನಪಿಸು ಅನ್ನೋದರ ಜೊತೆ ಹೆಸರೆತ್ತು, ಬಾಯಿಬಿಟ್ಟು ಹೇಳು ಅನ್ನೋ ಅರ್ಥನೂ ಇದೆ. ನೆರೆಯ ಅಕ್ಕೇಡಿಯನ್ ಭಾಷೆಯ ‘ಜಕಾರು’ ಅಂದ್ರೇನೇ ಹೇಳು, ಹೆಸರಿಸು. ಮೆಸೊಪೊಟೇಮಿಯಾದಲ್ಲಿ ‘ಕಿಸ್ಪು’ ಅಂತ ಒಂದು ಆಚರಣೆ ಇತ್ತು, ಸತ್ತ ಹಿರಿಯರಿಗೆ ಊಟ ನೀರು ಇಟ್ಟು ಅವರ ಹೆಸರು ಹಿಡಿದು ಕರೆಯೋದು, ನಮ್ಮವರಿಗೆ ವಿವರಿಸೋ ಅಗತ್ಯನೇ ಇಲ್ಲ. ಇಸ್ರಾಯೇಲರಿಗೂ ಆ ಹಂಬಲ ಗೊತ್ತಿತ್ತು: ಎರಡನೇ ಸಮುವೇಲ 18ರಲ್ಲಿ ದಾವೀದ ರಾಜನ ಮಗ ಅಬ್ಷಾಲೋಮ ನನ್ನ ಹೆಸರು ಹೇಳೋಕೆ ಮಗ ಇಲ್ಲ ಅಂತ ಬದುಕಿದ್ದಾಗಲೇ ಒಂದು ಕಂಬ ನಿಲ್ಲಿಸ್ಕೊಂಡಿದ್ದ ಅಂತ ಬರುತ್ತೆ, ಅಲ್ಲಿರೋದು ಇದೇ ಧಾತು. ಆದ್ರೆ ದೇವರಿಗೆ ಕೊಡೋ ಪಾಲಿನ ವಿಷಯ ಬಂದಾಗ ಗೆರೆ ಕಟ್ಟುನಿಟ್ಟು. ಧರ್ಮೋಪದೇಶಕಾಂಡ 26:14ರಲ್ಲಿ ದಶಮಾಂಶ ತೆಗೆದಿಟ್ಟ ರೈತ, ಇದರಲ್ಲಿ ಸತ್ತವರಿಗೆ ಏನೂ ಕೊಟ್ಟಿಲ್ಲ ಅಂತ ದೇವರ ಮುಂದೆ ಬಾಯಾರೆ ಹೇಳ್ಬೇಕಿತ್ತು. ಹಾಗೆ ಹೇಳಿಸ್ಬೇಕಾಗಿ ಬಂತು ಅಂದ್ರೆ ಕೊಡೋರು ಇದ್ರು ಅಂತಾನೂ ಅರ್ಥ.

ಈಗ ಹಿಟ್ಟಿನ ವಿಷಯ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ಬೇಕು. ಧಾನ್ಯನೈವೇದ್ಯಕ್ಕೆ ಹೀಬ್ರೂನಲ್ಲಿ ‘ಮಿನ್ಹಾ’ ಅಂತಾರೆ. ತರಬೇಕಾದ್ದು ‘ಸೋಲೆತ್’, ಶೋಧಿಸಿದ ಒಳ್ಳೆ ಗೋಧಿ ಹಿಟ್ಟು, ಕೆಲವು ವಿದ್ವಾಂಸರ ಪ್ರಕಾರ ರವೆ ಥರದ್ದು. ಅದಕ್ಕೆ ಆಲಿವ್ ಎಣ್ಣೆ ಹುಯ್ದು ಮೇಲೆ ‘ಲೆವೋನಾ’ ಇಡ್ಬೇಕು, ಅದು ದಕ್ಷಿಣ ಅರೇಬಿಯಾ ಕಡೆಯಿಂದ ಬರ್ತಿದ್ದ ಮರದಂಟಿನ ಧೂಪ, ದುಬಾರಿ ಸಾಮಾನು. ಯಾಜಕ ಎಣ್ಣೆ ಬೆರೆತ ಹಿಟ್ಟಲ್ಲಿ ಒಂದು ಹಿಡಿ ಮಾತ್ರ ತಗೋತಾನೆ, ಧೂಪ ಆದ್ರೆ ಅಷ್ಟನ್ನೂ ತಗೋತಾನೆ, ಎರಡನ್ನೂ ವೇದಿ ಮೇಲೆ ಸುಡ್ತಾನೆ. ಸುಟ್ಟ ಆ ಭಾಗಕ್ಕೇ ಅಜ್ಕಾರಾ ಅನ್ನೋದು. ಮಿಕ್ಕ ಹಿಟ್ಟೆಲ್ಲ ಆರೋನನ ವಂಶದವರಿಗೆ, ಅಂದ್ರೆ ಯಾಜಕರ ಊಟಕ್ಕೆ, ಹುಳಿ ಬರಿಸದೆ ಪವಿತ್ರ ಜಾಗದಲ್ಲೇ ತಿನ್ಬೇಕು. ವೇದಿಗೆ ಹುಳಿಹಿಟ್ಟೂ ಹೋಗಬಾರದು ಜೇನೂ ಹೋಗಬಾರದು, ಉಪ್ಪು ಮಾತ್ರ ತಪ್ಪಿಸೋ ಹಾಗಿಲ್ಲ.

ಯಾಜಕ ತನ್ನ ಸ್ವಂತಕ್ಕೆ ತಂದ ಮಿನ್ಹಾ ಆದ್ರೆ ಒಂದು ತುತ್ತೂ ಉಳಿಸದೆ ಪೂರ್ತಿ ಸುಡ್ಬೇಕು, ಅಲ್ಲಿ ಅಜ್ಕಾರಾ ಅನ್ನೋ ಪದನೇ ಬರಲ್ಲ. ನನಗೆ ಈ ಸಣ್ಣ ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ ಅನ್ಸುತ್ತೆ. ಮಿಕ್ಕಿದ್ದು ಮನುಷ್ಯರ ಹೊಟ್ಟೆಗೆ ಹೋಗೋ ಕಡೆ ಆ ಹಿಡಿ ಬೇಕಾಗುತ್ತೆ, ಇಡೀ ತಟ್ಟೆ ದೇವರದ್ದೇ ಅಂತ ಗುರುತಿಗೆ. ದೇವರ ಮುಂದೆ ಇಡ್ತಿದ್ದ ನೈವೇದ್ಯದ ರೊಟ್ಟಿಯ ಲೆಕ್ಕನೂ ಇದೇ. ಆರಾರರ ಎರಡು ಸಾಲಲ್ಲಿ 12 ರೊಟ್ಟಿ, ಪ್ರತಿ ಸಬ್ಬತ್‌ಗೆ, ಅಂದ್ರೆ ವಾರದ ವಿಶ್ರಾಂತಿ ದಿನಕ್ಕೆ, ಹೊಸದು, ಹಳೇದನ್ನ ಯಾಜಕರು ತಿಂತಾರೆ, ರೊಟ್ಟಿನ ವೇದಿಯ ಬೆಂಕಿಗೆ ಹಾಕೋದೇ ಇಲ್ಲ, ಜೊತೆಗಿಟ್ಟ ಧೂಪ ಆ ರೊಟ್ಟಿಗಳ ಅಜ್ಕಾರಾ ಆಗಿ ಹೊಗೆಯಾಗುತ್ತೆ.

ಇನ್ನು ಬಡವರು. ಪಾಪಪರಿಹಾರಕ್ಕೆ ಕುರಿ ಇಲ್ಲದವ ಎರಡು ಪಾರಿವಾಳ ತರಬಹುದು, ಅದಕ್ಕೂ ಗತಿಯಿಲ್ಲದವ ಏಫಾ ಅನ್ನೋ ಅಳತೆಯ ಹತ್ತನೇ ಒಂದು ಭಾಗ, ಅಂದ್ರೆ ಸುಮಾರು 2 ಲೀಟರ್ ಹಿಟ್ಟು ತಂದ್ರೆ ಸಾಕು, ಅದಕ್ಕೆ ಎಣ್ಣೆನೂ ಬೇಡ ಧೂಪನೂ ಬೇಡ. ಅದರಲ್ಲೂ ಒಂದು ಹಿಡಿ ಅಜ್ಕಾರಾ, ಅದಕ್ಕೂ ಅದೇ ಮಾತು: ಅವನಿಗೆ ಕ್ಷಮೆ ಆಗುತ್ತೆ. ರಕ್ತ ಇಲ್ಲ, ಹೊಗೆಯಲ್ಲಿ ಘಮ ಇಲ್ಲ, ಆದ್ರೂ ಅವನ ಹೆಸರು ಮೇಲಕ್ಕೆ ತಲುಪುತ್ತೆ. ಈ ವಿಷಯದ ಬಗ್ಗೆ ನಡೆಯೋ ದೊಡ್ಡ ದೊಡ್ಡ ಚರ್ಚೆಗಳಲ್ಲಿ ಈ ಮನುಷ್ಯ ಕಾಣಿಸೋದೇ ಇಲ್ಲ, ಅದು ನನಗೆ ನೋವಿನ ವಿಷಯ.

ನೆನಪಿಸೋದು ಅಂದ್ರೆ ಯಾವಾಗ್ಲೂ ಒಳ್ಳೇದಕ್ಕೆ ಅಂತಿರಲಿಲ್ಲ. ಅರಣ್ಯಕಾಂಡ 5ರಲ್ಲಿ ಹೆಂಡ್ತಿ ಮೇಲೆ ಅನುಮಾನ ಪಟ್ಟ ಗಂಡ ಜವೆಗೋಧಿ ಹಿಟ್ಟು ತರ್ತಾನೆ, ಅದಕ್ಕೆ ಅಪರಾಧವನ್ನ ನೆನಪಿಗೆ ತರೋ ನೈವೇದ್ಯ ಅಂತಾನೇ ಹೆಸರು. ಸರೆಪ್ತ ಅನ್ನೋ ಊರಿನ ವಿಧವೆ ತನ್ನ ಮಗ ಸತ್ತಾಗ ಪ್ರವಾದಿ ಎಲೀಯನಿಗೆ, ನನ್ನ ಪಾಪ ನೆನಪಿಗೆ ತರೋಕೆ ಬಂದ್ಯಾ ಅಂತ ಕೇಳ್ತಾಳೆ. ಅಂದ್ರೆ ನೆನಪಿಗೆ ತರೋದು ದೇವರ ಮುಂದೆ ಒಬ್ಬರ ಫೈಲ್ ತೆಗೆದಿಟ್ಟ ಹಾಗೆ, ಆಮೇಲೆ ಏನಾದ್ರೂ ಆಗೇ ಆಗುತ್ತೆ. ಮಹಾಯಾಜಕನ ಹೆಗಲ ಮೇಲಿನ ಕಲ್ಲುಗಳಲ್ಲಿ ಕೆತ್ತಿದ ಕುಲಗಳ ಹೆಸರು, ತಲೆಗೆ ಅರ್ಧ ಶೆಕೆಲ್ ಬೆಳ್ಳಿ, ಹಬ್ಬಕ್ಕೆ ಊದೋ ತುತ್ತೂರಿ, ಇವನ್ನೂ ‘ಜಿಕ್ಕಾರೋನ್’ ಅಂದ್ರು, ಅದೇ ಧಾತುವಿನ ಪದ, ನೆನಪಿನ ಗುರುತು ಅಂತ, ಅಲ್ಲೆಲ್ಲ ನೆನೆಯಬೇಕಾದವನು ದೇವರು. ಜನ ನೆನೆಯೋದೂ ಇತ್ತು, ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬ, ಯೊರ್ದನ್ ನದಿ ದಾಟಿದ ನೆನಪಿಗೆ ನಿಲ್ಲಿಸಿದ 12 ಕಲ್ಲು, ಅದು ಮಕ್ಕಳಿಗೆ ಹಳೇ ಕಥೆ ದಾಟಿಸೋದಕ್ಕೆ.

ಇದೆಲ್ಲ ಗ್ರಂಥದ ಮಾತು, ನೆಲದಲ್ಲಿ ಏನು ಸಿಕ್ಕಿದೆ ಅಂತ ಕೇಳೋರಿಗೆ ಎರಡು ಜಾಗ ಹೇಳ್ತೀನಿ. ಒಂದು ತೆಲ್ ಅರಾದ್, ಹಳೇ ಯೆಹೂದ ರಾಜ್ಯದ ದಕ್ಷಿಣ ಗಡಿಯ ಕೋಟೆ. 1960ರ ದಶಕದ ಉತ್ಖನನದಲ್ಲಿ ಕ್ರಿ.ಪೂ. 8ನೇ ಶತಮಾನದ ಗುಡಿ ಸಿಕ್ತು, ಗರ್ಭಗುಡಿಯ ಬಾಗಿಲಲ್ಲಿ ಎರಡು ಸುಣ್ಣಕಲ್ಲಿನ ವೇದಿ. ಮೇಲೆ ಅಂಟಿದ್ದ ಕರಿಯನ್ನ ಪರೀಕ್ಷೆ ಮಾಡಿದ ಫಲಿತಾಂಶ 2020ರಲ್ಲಿ ಬಂತು, ದೊಡ್ಡ ವೇದಿ ಮೇಲೆ ಪ್ರಾಣಿ ಕೊಬ್ಬಿನ ಜೊತೆ ಸುಟ್ಟ ಲೆವೋನಾ ಇತ್ತು. ಸಣ್ಣದರ ಮೇಲೆ ಗಾಂಜಾ ಸಿಕ್ತು, ಸುದ್ದಿ ಆಗಿದ್ದು ಅದೇ, ಧೂಪದ ಮಾತು ಹಿಂದೆ ಉಳೀತು.

ಇನ್ನೊಂದು ಈಜಿಪ್ಟಿನ ಎಲಿಫೆಂಟೈನ್, ಅಸ್ವಾನ್ ಹತ್ರ ನೈಲ್ ನದಿ ಮಧ್ಯದ ದ್ವೀಪ. ಪರ್ಷಿಯನ್ ಸಾಮ್ರಾಜ್ಯದ ಕಾವಲಿಗಿದ್ದ ಯೆಹೂದಿ ಸೈನಿಕರ ಕುಟುಂಬಗಳಿಗೆ ಅಲ್ಲಿ ತಮ್ಮದೇ ದೇವಾಲಯ ಇತ್ತು. ಕ್ರಿ.ಪೂ. 410ರಲ್ಲಿ ವಿರೋಧಿಗಳು ಅದನ್ನ ಕೆಡವಿದ್ರು. 407ರಲ್ಲಿ ಆ ಜನ ಯೆಹೂದದ ರಾಜ್ಯಪಾಲ ಬಗೋಹಿಗೆ ಅರಾಮಿಕ್‌ನಲ್ಲಿ ಅರ್ಜಿ ಬರೀತಾರೆ: ಅವತ್ತಿಂದ ಗೋಣಿತಟ್ಟು ಉಟ್ಕೊಂಡು ಉಪವಾಸ ಇದೀವಿ, ಅಲ್ಲಿ ಮಿನ್ಹಾ ಇಲ್ಲ, ಲೆವೋನಾ ಇಲ್ಲ, ಪ್ರಾಣಿಯನ್ನ ಪೂರ್ತಿ ಸುಡೋ ಸರ್ವಾಂಗಹೋಮ ಇಲ್ಲ. ಉತ್ತರ ಬಂತು, ಗುಡಿ ಮತ್ತೆ ಕಟ್ಟಿ, ಮೊದಲಿನ ಹಾಗೆ ಮಿನ್ಹಾ ಮತ್ತು ಲೆವೋನಾ ಅರ್ಪಿಸಿ. ಸರ್ವಾಂಗಹೋಮದ ಮಾತಿಲ್ಲ. ಯಾಕೆ ಬಿಟ್ರು ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾರೆ, ಪ್ರಾಣಿಬಲಿ ಯೆರೂಸಲೇಮಿನ ದೇವಾಲಯದಲ್ಲಿ ಮಾತ್ರ ಅನ್ನೋ ಹಕ್ಕು ಕಾಯೋಕೆ ಅಂತ ಕೆಲವರು, ಪ್ರಾಣಿ ಸುಡೋದು ಪರ್ಷಿಯನ್ನರಿಗೆ ಅಥವಾ ಈಜಿಪ್ಟಿನವರಿಗೆ ಆಗ್ತಿರಲಿಲ್ಲ ಅಂತ ಕೆಲವರು. ನಾನು ಗಮನಿಸಿ ಅನ್ನೋದು ಬೇರೆ. ಆ ಉತ್ತರದ ಕಾಗದ ಶುರುವಾಗೋ ಪದ ‘ಜಿಖ್ರಾನ್’, ಅದೇ ಧಾತು, ಅಲ್ಲಿ ಅರ್ಥ ಟಿಪ್ಪಣಿ, ಮೆಮೊ. ಅಂದ್ರೆ ಆ ಕಾಲದಲ್ಲಿ ಈ ಪದ ಕಚೇರಿಯ ಕಡತದಲ್ಲೂ ಓಡಾಡ್ತಿತ್ತು. ಮೇಲಿನವರ ಕಣ್ಣಿಗೆ ಬಿದ್ದು ಕ್ರಮ ಆಗಲಿ ಅಂತ ಬರೆದಿಡೋದು ಜಿಖ್ರಾನ್, ಮೇಲಿನವನ ಗಮನಕ್ಕೆ ಬರಲಿ ಅಂತ ಸುಡೋದು ಅಜ್ಕಾರಾ.

ಹಾಗಾದ್ರೆ ಸತ್ತವರು ಯಾವಾಗ ಒಳಗೆ ಬಂದ್ರು? ಕ್ರಿ.ಪೂ. 3ನೇ ಶತಮಾನದಲ್ಲಿ ಮೋಶೆಯ ಗ್ರಂಥಗಳು ಗ್ರೀಕ್‌ಗೆ ಹೋದಾಗ ಅಜ್ಕಾರಾ ‘ಮ್ನೆಮೊಸುನೋನ್’ ಆಯ್ತು, ರೊಟ್ಟಿಯ ಧೂಪದ ಜಾಗದಲ್ಲಿ ‘ಅನಾಮ್ನೆಸಿಸ್’ ಆಯ್ತು, ಎರಡೂ ನೆನಪಿನ ಪದಗಳೇ, ಪಾಲು ಅನ್ನೋ ಛಾಯೆ ತೆಳುವಾಯ್ತು. ಎರಡನೇ ಮಕ್ಕಬಿಯರ ಗ್ರಂಥದಲ್ಲಿ ಯೆಹೂದಿ ದಳಪತಿ ಯೂದ ಯುದ್ಧದಲ್ಲಿ ಬಿದ್ದ ತನ್ನವರ ಪಾಪಕ್ಕಾಗಿ 2,000 ಬೆಳ್ಳಿ ನಾಣ್ಯ ಕೂಡಿಸಿ ಯೆರೂಸಲೇಮಿಗೆ ಕಳಿಸ್ತಾನೆ, ಸತ್ತವರಿಗಾಗಿ ಬಲಿ ಅನ್ನೋದಕ್ಕೆ ನಿಜವಾದ ಆಧಾರ ಅಲ್ಲಿದೆ, ಹಿಟ್ಟಿನ ಅಧ್ಯಾಯದಲ್ಲಿಲ್ಲ. ಅಪೊಸ್ತಲರ ಕೃತ್ಯಗಳು 10ರಲ್ಲಿ ದೇವದೂತ ರೋಮನ್ ಸೇನಾಧಿಕಾರಿ ಕೊರ್ನೇಲ್ಯನಿಗೆ ನಿನ್ನ ಪ್ರಾರ್ಥನೆ, ದಾನ ದೇವರ ಮುಂದೆ ಮ್ನೆಮೊಸುನೋನ್ ಆಗಿ ಏರಿವೆ ಅಂತಾನೆ, ಕೊರ್ನೇಲ್ಯ ಬದುಕಿರೋ ಮನುಷ್ಯ, ಹಳೇ ಅರ್ಥ ಅಲ್ಲಿ ಹಾಗೇ ಇದೆ. ಯೇಸುವಿನ ಕೊನೇ ಊಟದಲ್ಲಿ, ನನ್ನ ನೆನಪಿಗಾಗಿ ಇದನ್ನ ಮಾಡಿ ಅನ್ನೋ ಮಾತಿಗೆ ಸುವಾರ್ತೆ ಬರೆದ ಲೂಕ ಬಳಸೋದು ಅನಾಮ್ನೆಸಿಸ್, ಜಗಳ ಎಲ್ಲ ಅಲ್ಲಿಂದ.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ಹೋಯ್ತು, ಹಿಡಿ ಹಿಟ್ಟೂ ನಿಂತ್ಹೋಯ್ತು, ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಮಾತ್ರ ಆ ಹಿಡಿ ಹೇಗೆ ಹಿಡೀಬೇಕು, ಬೆರಳು ಹೇಗೆ ಮಡಚಬೇಕು ಅಂತ ಮಿಷ್ನಾ ಅನ್ನೋ ತಮ್ಮ ನಿಯಮಗಳ ಸಂಗ್ರಹದಲ್ಲಿ ಬರೆದಿಟ್ರು, ಒಂದು ಹಿಡಿ ಹಿಟ್ಟು ತಂದ ಹೆಂಗಸನ್ನ ಹೀಯಾಳಿಸಿದ ಯಾಜಕನಿಗೆ ಕನಸಲ್ಲಿ, ಅವಳನ್ನ ಕಡೆಗಣಿಸಬೇಡ, ಅವಳು ತನ್ನ ಪ್ರಾಣನೇ ಅರ್ಪಿಸಿದ ಹಾಗೆ ಅಂತ ಕೇಳಿಸಿದ ಕಥೆನೂ ಉಳಿಸಿದ್ರು. 1096ರ ಧರ್ಮಯುದ್ಧದಲ್ಲಿ ರೈನ್ ನದಿ ದಡದ ಯೆಹೂದಿಗಳ ಕೊಲೆಗಳಾದ್ಮೇಲೆ ಸತ್ತವರ ಹೆಸರು ಓದೋ ‘ಯಿಜ್ಕೋರ್’ ಬೆಳೀತು. 16ನೇ ಶತಮಾನದಲ್ಲಿ ಪ್ರಭುಭೋಜನದ ವಿಷಯಕ್ಕೆ ಯುರೋಪ್ ನೆನಪು ಒಂದು ಕಡೆ ಬಲಿ ಒಂದು ಕಡೆ ಅಂತ ಹರಿದು ನಿಂತ್ಕೊಳ್ತು, ಪ್ರೊಟೆಸ್ಟೆಂಟರೊಳಗಿನ 1529ರ ಮಾರ್ಬರ್ಗ್ ಮಾತುಕತೆ ಕೂಡ್ಲಿಲ್ಲ, 1562ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ ಬರೀ ಸ್ಮರಣೆ ಅಲ್ಲ ಅಂತ ತೀರ್ಮಾನ ಬರೀತು. 1611ರ ಇಂಗ್ಲಿಷ್ ಬೈಬಲ್ ಅಜ್ಕಾರಾಗೆ ‘ಮೆಮೊರಿಯಲ್’ ಅಂದಿತ್ತು, ಆಮೇಲಿನ ಕಾಲಕ್ಕೆ ಆ ಪದಕ್ಕೆ ಸಮಾಧಿ ಕಲ್ಲಿನ ವಾಸನೆ ಹತ್ತಿಕೊಳ್ತು. 1962ರಲ್ಲಿ ಬಂದ ಯೆಹೂದಿ ಅನುವಾದ ‘ಟೋಕನ್ ಪೋರ್ಷನ್’ ಅಂತ ಬದಲಾಯಿಸ್ತು, ಗುರುತಿನ ಪಾಲು ಅಂತ. ಸರಿಯೇ, ಆದ್ರೆ ದೇವರನ್ನ ಎಚ್ಚರಿಸೋ ದನಿ ಅದರಲ್ಲಿ ಕೇಳಿಸಲ್ಲ. ಜರ್ಮನ್ ವಿದ್ವಾಂಸ ಜೋಕಿಮ್ ಜೆರೆಮಿಯಾಸ್ ಕೊನೇ ಊಟದ ಮಾತನ್ನೂ ದೇವರು ನನ್ನನ್ನ ನೆನೆಯಲಿ ಅಂತ ಓದ್ಬೇಕು ಅಂದ್ರು, ಎಲ್ಲರೂ ಒಪ್ಪಲಿಲ್ಲ.

ಇವತ್ತು ಇಸ್ರೇಲ್‌ನಲ್ಲಿ ಅಜ್ಕಾರಾ ಅಂದ್ರೆ ವರ್ಷದ ದಿನ ಸಮಾಧಿ ಹತ್ರ ಸೇರೋದು, ಹಿಟ್ಟಿನ ಹಿಡಿ ಅಂತ ಯಾರಿಗೂ ಥಟ್ಟನೆ ಹೊಳೆಯಲ್ಲ. ಹೊಸ ವರ್ಷದ ಹಬ್ಬ ರೋಷ್ ಹಶಾನಾದಿಂದ ಹತ್ತು ದಿನ ಮಾತ್ರ ಪ್ರಾರ್ಥನೆಗೆ ಒಂದು ಸಾಲು ಸೇರಿಸ್ತಾರೆ, ‘ಜೊಖ್ರೇನು ಲೆಹಯ್ಯೀಮ್’, ಬದುಕೋಕೆ ನಮ್ಮನ್ನ ನೆನೆಸ್ಕೋ ಅಂತ, ಅದೇ ಧಾತು.